ಒಂದೇ ಹೆಸರಿನಲ್ಲಿ ಒಂದು ಕಪಾಟು: ಕೋಟ ಶಿವರಾಮ ಕಾರಂತರ ಬದುಕು

ಕನ್ನಡ ಸಂಘಗಳ ವಾಚನಾಲಯಗಳಲ್ಲಿ ಪುಸ್ತಕಗಳನ್ನು ವಿಷಯವಾರು ಜೋಡಿಸಲು ಕುಳಿತವರಿಗೆ ಒಂದು ಹೆಸರು ಯಾವಾಗಲೂ ತೊಡಕಾಗುತ್ತದೆ. ಅದು ಕೋಟ ಶಿವರಾಮ ಕಾರಂತರ ಹೆಸರು. ಅವರನ್ನು ಕಾದಂಬರಿಯ ಸಾಲಿನಲ್ಲಿ ಇಟ್ಟರೆ ಯಕ್ಷಗಾನದ ಗ್ರಂಥ ಹೊರಗುಳಿಯುತ್ತದೆ. ಕಲೆಯ ಸಾಲಿಗೆ ಸೇರಿಸಿದರೆ ಮಕ್ಕಳ ವಿಶ್ವಕೋಶ ಎಲ್ಲಿಗೆ ಹೋಗಬೇಕು? ನಿಘಂಟು, ನಾಟಕ, ಪ್ರವಾಸ ಕಥನ, ವಾಸ್ತುಶಿಲ್ಪ, ವಿಜ್ಞಾನ, ಆತ್ಮಕಥೆ, ಹಕ್ಕಿಗಳ ಪರಿಚಯ, ಶಾಲಾ ಪಠ್ಯ, ಹೊಸದಾಗಿ ಅಕ್ಷರ ಕಲಿತವರಿಗೆ ಕಿರುಹೊತ್ತಗೆ, ಇವೆಲ್ಲ ಒಂದೇ ಹೆಸರಿನಲ್ಲಿವೆ. ಚಿಕ್ಕ ಪುಸ್ತಕಗಳನ್ನು ಸೇರಿಸಿ ಎಣಿಸುವವರು ಒಟ್ಟು ಸಂಖ್ಯೆಯನ್ನು ನಾನೂರರ ಮೇಲೆ ಹೇಳುತ್ತಾರೆ. ಕಾದಂಬರಿಗಳೇ 47.

ಒಬ್ಬ ಮನುಷ್ಯ ಇಷ್ಟೊಂದು ವಿಷಯಗಳಿಗೆ ಏಕೆ ಕೈಹಾಕಿದರು ಎಂಬ ಪ್ರಶ್ನೆಗೆ ನಮ್ಮ ಸಭೆಗಳಲ್ಲಿ ಸಿದ್ಧ ಉತ್ತರವಿದೆ. ನಡೆದಾಡುವ ವಿಶ್ವಕೋಶ, ಕಡಲತೀರದ ಭಾರ್ಗವ ಎಂದು ಹೇಳಿ, ಭಾವಚಿತ್ರಕ್ಕೆ ಹಾರ ಹಾಕಿ ಮುಗಿಸುತ್ತೇವೆ. ಆದರೆ ಅವರ ಬದುಕನ್ನು ವರ್ಷದಿಂದ ವರ್ಷಕ್ಕೆ ನೋಡುತ್ತಾ ಹೋದರೆ ಬೇರೆಯೇ ಒಂದು ಉತ್ತರ ಸಿಗುತ್ತದೆ. ಎಲ್ಲೆಲ್ಲಿ ಕನ್ನಡದಲ್ಲಿ ಪುಸ್ತಕ ಇರಲಿಲ್ಲವೋ ಅಲ್ಲೆಲ್ಲ ಅವರು ಬರೆಯಲು ಕುಳಿತರು. ಅವರ ವೈವಿಧ್ಯದ ಹಿಂದೆ ಪ್ರತಿಭೆ ಎಷ್ಟಿದೆಯೋ ನಮ್ಮ ಭಾಷೆಯ ಕೊರತೆಯೂ ಅಷ್ಟೇ ಇದೆ.

ಕಾಲೇಜು ಬಿಟ್ಟ ಹುಡುಗ

ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಇಂದು ಉಡುಪಿ ಜಿಲ್ಲೆಗೆ ಸೇರಿದ ಆ ಊರು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿತ್ತು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಕುಂದಾಪುರದಲ್ಲಿ ಶಾಲೆ ಮುಗಿಸಿ ಮಂಗಳೂರಿನ ಸರಕಾರಿ ಕಾಲೇಜು ಸೇರಿದ ಹುಡುಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ಅರ್ಧಕ್ಕೇ ಬಿಟ್ಟರು. ಖಾದಿ ಮತ್ತು ಸ್ವದೇಶಿಯ ಪ್ರಚಾರಕ್ಕಾಗಿ ಊರೂರು ತಿರುಗಿದರು. ಪದವಿ ಎಂಬುದು ಅವರ ಪಾಲಿಗೆ ಬಂದದ್ದು ಮುಂದೆ ವಿಶ್ವವಿದ್ಯಾನಿಲಯಗಳು ತಾವಾಗಿ ಕರೆದು ಗೌರವ ಡಾಕ್ಟರೇಟ್ ಕೊಟ್ಟಾಗ ಮಾತ್ರ.

ತಿರುಗಾಟದಲ್ಲಿ ಅವರು ಕಂಡದ್ದು ಭಾಷಣಕ್ಕೆ ಒದಗುವ ಭಾರತವನ್ನಲ್ಲ. ಸಾಲದಲ್ಲಿ ಮುಳುಗಿದ ಒಕ್ಕಲು, ಮನೆಯ ಮೂಲೆ ಹಿಡಿದ ವಿಧವೆ, ಊರಾಚೆಯ ಗುಡಿಸಲು, ಇವೇ ಕಣ್ಣಿಗೆ ಬಿದ್ದವು. ಅದನ್ನೆಲ್ಲ ಹೇಳಲು ಒಂದು ಪತ್ರಿಕೆ ಬೇಕೆನಿಸಿತು. ಇಪ್ಪತ್ತೆರಡರ ಆಸುಪಾಸಿನ ವಯಸ್ಸಿನಲ್ಲಿ ‘ವಸಂತ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಪುಟ ತುಂಬಿಸಲು ಬರಹ ಬೇಕಲ್ಲ? ತಾವೇ ಬರೆದರು. ‘ವಿಚಿತ್ರಕೂಟ’, ‘ನಿರ್ಭಾಗ್ಯ ಜನ್ಮ’, ‘ಸೂಳೆಯ ಸಂಸಾರ’ ಎಂಬ ಮೊದಲ ಕಾದಂಬರಿಗಳು ಆ ಕಾಲದವು. ಕೆಲವು ವರ್ಷ ನಡೆದ ಪತ್ರಿಕೆ ನಿಂತುಹೋಯಿತು. ಆದರೆ ಬೇಕಾದದ್ದು ಬೇರೆ ಕಡೆ ಸಿಗದಿದ್ದರೆ ತಾನೇ ಮಾಡಿಕೊಳ್ಳುವುದು ಎಂಬ ಅಭ್ಯಾಸ ಮಾತ್ರ ಕೊನೆಯ ತನಕ ಬಿಡಲಿಲ್ಲ.

ಆ ಹುಮ್ಮಸ್ಸಿನಲ್ಲಿ ಕಾರಂತರು ಸಿನೆಮಾ ತೆಗೆಯಲೂ ಹೋದರು. ಮಾತಿಲ್ಲದ ಚಿತ್ರಗಳ ಆ ಕಾಲದಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಮೂಕಿ ಚಿತ್ರಗಳನ್ನು ತಯಾರಿಸಿದರು. ನಾಟಕ ಬರೆದರು, ಆಡಿಸಿದರು, ಗೀತನಾಟಕಗಳಲ್ಲಿ ತಾವೇ ಕುಣಿದರು.

ಪುತ್ತೂರಿನ ಬಾಲವನ

ನಂತರದ ಸುಮಾರು ನಾಲ್ಕು ದಶಕ ಕಾರಂತರು ಬೇರು ಬಿಟ್ಟದ್ದು ಪುತ್ತೂರಿನಲ್ಲಿ. ಅಲ್ಲಿಯ ಮಹಾಲಿಂಗೇಶ್ವರ ದೇವಸ್ಥಾನದ ಬಳಿ ಅವರು ನಡೆಸುತ್ತಿದ್ದ ದಸರಾ ನಾಡಹಬ್ಬಕ್ಕೆ ಕನ್ನಡದ ದೊಡ್ಡ ಸಾಹಿತಿಗಳು ಬರುತ್ತಿದ್ದರು. ಮಕ್ಕಳ ಶಿಕ್ಷಣದಲ್ಲಿ ಪ್ರಯೋಗ ಮಾಡಲೆಂದು ಗುಡ್ಡದ ಜಾಗದಲ್ಲಿ ಬಾಲವನ ಕಟ್ಟಿದರು. ಮಕ್ಕಳು ಪಾಠವನ್ನು ಬಾಯಿಪಾಠ ಮಾಡುವ ಬದಲು ನೋಡಿ, ಆಡಿ, ಮಾಡಿ ಕಲಿಯಬೇಕು ಎಂಬುದು ಅವರ ಹಟವಾಗಿತ್ತು.

ಶಾಲೆ ಮಾಡಲು ಹೊರಟಾಗ ಎದುರಾದದ್ದು ಮತ್ತೆ ಅದೇ ಕೊರತೆ. ರೈಲು ಹೇಗೆ ಓಡುತ್ತದೆ, ನಕ್ಷತ್ರ ಎಷ್ಟು ದೂರ, ತಿಮಿಂಗಿಲ ಮೀನೋ ಅಲ್ಲವೋ ಎಂದು ಮಗು ಕೇಳಿದರೆ ಕೈಗೆ ಕೊಡಲು ಕನ್ನಡದಲ್ಲಿ ಅಂಥ ಪುಸ್ತಕವಿರಲಿಲ್ಲ. ಕಾರಂತರು ‘ಬಾಲ ಪ್ರಪಂಚ’ ಬರೆದರು. 1930ರ ದಶಕದಲ್ಲಿ ಬಂದ, ಚಿತ್ರಗಳಿಂದ ತುಂಬಿದ ಮೂರು ಸಂಪುಟಗಳ ಈ ಮಕ್ಕಳ ವಿಶ್ವಕೋಶದ ಹಿಂದೆ ಸಂಪಾದಕ ಮಂಡಳಿ ಇರಲಿಲ್ಲ. ಮಾಹಿತಿ ಕೂಡಿಸಿದವರು, ಬರೆದವರು, ಚಿತ್ರಗಳಿಗಾಗಿ ಅಲೆದವರು ಎಲ್ಲ ಒಬ್ಬರೇ. 1941ರಲ್ಲಿ ‘ಸಿರಿಗನ್ನಡ ಅರ್ಥಕೋಶ’ ಹೊರಬಂತು. ನಿಘಂಟು ಎಂದರೆ ಪಂಡಿತರ ಕೂಟವೊಂದು ವರ್ಷಗಟ್ಟಲೆ ಕುಳಿತು ಮಾಡುವ ಕೆಲಸ. ವಿದ್ಯಾರ್ಥಿಯ ಕೈಗೆಟಕುವ ಒಂದು ಕೋಶ ಬೇಕೆಂದು ಅದನ್ನೂ ಒಬ್ಬರೇ ಮಾಡಿದರು.

ಪ್ರಕಾಶಕರನ್ನು ಕಾಯುವ ತಾಳ್ಮೆಯೂ ಅವರಿಗಿರಲಿಲ್ಲ. ಹರ್ಷ ಎಂಬ ಹೆಸರಿನ ಮುದ್ರಣಾಲಯವನ್ನು ಪುತ್ತೂರಿನಲ್ಲೇ ತೆರೆದು, ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿದರು. ಮುಖಪುಟದ ಚಿತ್ರ ಬರೆದುಕೊಂಡದ್ದೂ ಉಂಟು. ಬರೆಯುವುದು, ಅಚ್ಚು ಮಾಡುವುದು, ಮಾರುವುದು, ಇವೆಲ್ಲ ಒಂದೇ ತಲೆಯ ಮೇಲೆ ಬಿದ್ದಾಗ ಲಾಭ ನಷ್ಟದ ಲೆಕ್ಕ ಹೇಗಿರುತ್ತದೆ ಎಂಬುದನ್ನು ವ್ಯವಹಾರ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಸರಕಾರಿ ಸಂಬಳವಿಲ್ಲದೆ, ಪೆನ್ಶನ್ ಇಲ್ಲದೆ ಲೇಖನಿಯನ್ನೇ ನಂಬಿ ಸಂಸಾರ ನಡೆಸಿದ ಕೆಲವೇ ಕನ್ನಡ ಲೇಖಕರಲ್ಲಿ ಕಾರಂತರು ಒಬ್ಬರು. 1948ರಲ್ಲಿ ಬಂದ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ತನ್ನ ಬಗ್ಗೆ ಲೋಕ ಆಡಿಕೊಳ್ಳುವುದನ್ನು ತಾನೇ ಮೊದಲು ಹೇಳಿ ಮುಗಿಸಿದಂತಿದೆ ಆ ಹೆಸರು.

ಮನೆಗೆ ಬಂದ ಮರಾಠಿ

1936ರಲ್ಲಿ ಕಾರಂತರು ಲೀಲಾ ಆಳ್ವರನ್ನು ಮದುವೆಯಾದರು. ಕೋಟದ ಬ್ರಾಹ್ಮಣ ಮನೆತನದ ಹುಡುಗ, ಬಂಟ ಮನೆತನದ ಹುಡುಗಿ. ಆ ಕಾಲದಲ್ಲಿ ಊರಿನ ಬಾಯಿ ಹೇಗಿದ್ದಿರಬಹುದು ಎಂಬುದನ್ನು ನಮ್ಮ ಹಿರಿಯರು ಊಹಿಸಬಲ್ಲರು. ಲೀಲಾ ಅವರ ಶಾಲೆಯ ಓದು ನಡೆದದ್ದು ಮರಾಠಿಯಲ್ಲಿ. ಮದುವೆಯ ಬಳಿಕ ಅವರು ಕನ್ನಡವನ್ನು ಮತ್ತೆ ಕಲಿತರು. ಕಲಿತು ಸುಮ್ಮನೆ ಕೂರಲಿಲ್ಲ. ಹರಿ ನಾರಾಯಣ ಆಪಟೆಯವರ ಪ್ರಸಿದ್ಧ ಮರಾಠಿ ಕಾದಂಬರಿ ‘ಪಣ್ ಲಕ್ಷಾತ್ ಕೋಣ್ ಘೇತೋ’ವನ್ನು ಕನ್ನಡಕ್ಕೆ ತಂದರು. ಗಂಡನ ಗೀತನಾಟಕಗಳಲ್ಲಿ ನರ್ತಿಸಿದರು. ಮನೆಗೆ ಬಂದು ಹೋಗುವ ನೂರು ಜನರ ನಡುವೆ, ಹತ್ತು ಕೆಲಸ ಒಟ್ಟಿಗೆ ಹಚ್ಚಿಕೊಂಡ ಗಂಡನ ಜೊತೆ ನಾಲ್ಕು ಮಕ್ಕಳನ್ನು ಬೆಳೆಸಿದರು. ಮುಖಪುಟದಲ್ಲಿ ಒಂದೇ ಹೆಸರಿದ್ದರೂ ಆ ಪುಸ್ತಕಗಳ ಹಿಂದೆ ಈ ದುಡಿಮೆಯೂ ಇದೆ ಎಂಬುದನ್ನು ಮರೆಯಬಾರದು. ಹರ್ಷ ಎಂಬ ಹಿರಿಯ ಮಗ 1961ರಲ್ಲಿ ತೀರಿಕೊಂಡಾಗ ಆ ತಾಯಿಗೆ ಆದ ಆಘಾತ ಪೂರ್ತಿ ಮಾಸಲಿಲ್ಲ. 1986ರಲ್ಲಿ ಲೀಲಾ ನಿಧನರಾದರು.

ಊರು ಬಿಟ್ಟವರ ಕಥೆ

ಕಾದಂಬರಿಗಳ ವಿಷಯಕ್ಕೆ ಬಂದರೆ, 1933ರ ‘ಚೋಮನ ದುಡಿ’ಯನ್ನು ಯಾರೂ ದಾಟಿಹೋಗಲಾರರು. ಸ್ವಂತ ಬೇಸಾಯ ಮಾಡಬೇಕೆಂಬ ಒಂದೇ ಆಸೆ ಇಟ್ಟುಕೊಂಡ ಹೊಲೆಯ ಚೋಮನಿಗೆ ಭೂಮಿ ಸಿಗುವುದಿಲ್ಲ. ಸಾಲ ತೀರುವುದಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟು ಹೋಗುತ್ತಾರೆ. ದುಡಿಯ ಸದ್ದಿನಲ್ಲೇ ಅವನ ಬದುಕು ಮುಗಿಯುತ್ತದೆ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಚಲನಚಿತ್ರ ಮಾಡಿದಾಗ ಅದಕ್ಕೆ ಸ್ವರ್ಣಕಮಲ ಬಂತು.

ಹೊರನಾಡಿನಲ್ಲಿರುವ ನಮಗೆ ಇನ್ನೂ ಹತ್ತಿರವಾಗಬೇಕಾದ ಕಾದಂಬರಿಗಳು ಬೇರೆ ಇವೆ. ‘ಮರಳಿ ಮಣ್ಣಿಗೆ’ ಕೋಟದ ಸುತ್ತಲಿನ ಕಡಲ ದಂಡೆಯ ಒಂದು ಮನೆತನದ ಮೂರು ತಲೆಮಾರಿನ ಕಥೆ. ಇಂಗ್ಲಿಷ್ ಓದಿಸಿದರೆ ಮಗ ಉದ್ಧಾರವಾದಾನೆಂದು ನಂಬಿ ಮನೆಯವರು ಬೆವರು ಸುರಿಸುತ್ತಾರೆ. ಓದಿದ ಮಗ ಮನೆ ಮಠ ಕಳೆಯುತ್ತಾನೆ. ಉಳಿದದ್ದನ್ನು ಹಿಡಿದು ನಿಲ್ಲಿಸುವವರು ಪಾರೋತಿ, ಸರಸೋತಿ, ನಾಗವೇಣಿಯರಂಥ ಹೆಂಗಸರು. ಮೊಮ್ಮಗ ರಾಮ ಪಟ್ಟಣಗಳನ್ನು ಕಂಡು ಸೋತು ಮತ್ತೆ ಆ ಮಣ್ಣಿಗೇ ಬರುತ್ತಾನೆ. ‘ಬೆಟ್ಟದ ಜೀವ’ದಲ್ಲಿ ಸುಬ್ರಹ್ಮಣ್ಯದ ಕಡೆಯ ಕಾಡಿನ ನಡುವೆ ತೋಟ ಮಾಡಿದ ಗೋಪಾಲಯ್ಯ ಮತ್ತು ಶಂಕರಿ, ಮನೆ ಬಿಟ್ಟು ಹೋದ ಮಗನ ದಾರಿ ಕಾಯುತ್ತಾ ಮುದುಕರಾಗುತ್ತಾರೆ. ಊರಿನಲ್ಲಿ ಬೀಗ ಹಾಕಿದ ಮನೆ ಇರುವ ಯಾರೇ ಆಗಲಿ ಈ ಪುಸ್ತಕವನ್ನು ಸಲೀಸಾಗಿ ಓದಿ ಮುಗಿಸಲಾರರು.

1960ರ ‘ಅಳಿದ ಮೇಲೆ’ಯಂತೂ ಮುಂಬಯಿಯ ನಂಟಿನಿಂದಲೇ ಶುರುವಾಗುತ್ತದೆ. ರೈಲಿನಲ್ಲಿ ಪರಿಚಯವಾದ ಯಶವಂತರಾಯ ಎಂಬ ಒಂಟಿ ಮುದುಕ ಮುಂಬಯಿಯಲ್ಲಿ ಸಾಯುತ್ತಾನೆ. ತನ್ನ ಹಣ, ದಿನಚರಿ, ಕಾಗದ ಪತ್ರಗಳನ್ನು ಅಷ್ಟೇನೂ ಹಳಬನಲ್ಲದ ಗೆಳೆಯನಿಗೆ ಬಿಟ್ಟುಹೋಗುತ್ತಾನೆ. ಅವನು ತಿಂಗಳು ತಿಂಗಳು ಯಾರಿಗೆ ಹಣ ಕಳುಹಿಸುತ್ತಿದ್ದ, ಏಕೆ ಕಳುಹಿಸುತ್ತಿದ್ದ, ಅವರು ಅವನ ಬಗ್ಗೆ ಏನು ತಿಳಿದಿದ್ದರು ಎಂದು ಹುಡುಕುತ್ತಾ ಗೆಳೆಯ ಊರಿಗೆ ಹೋಗುತ್ತಾನೆ. ಒಬ್ಬ ಮನುಷ್ಯ ತನ್ನವರಿಂದ ಪಡೆದದ್ದೆಷ್ಟು, ಕೊಟ್ಟದ್ದೆಷ್ಟು ಎಂಬ ತಾಳೆ ಪಟ್ಟಿ ಸತ್ತ ಮೇಲೆ ತಯಾರಾಗುತ್ತದೆ. ಇಲ್ಲಿ ದುಡಿದು ಊರಿಗೆ ಮನಿ ಆರ್ಡರ್ ಮಾಡಿದ ತಲೆಮಾರಿಗೆ ಇದಕ್ಕಿಂತ ಹತ್ತಿರದ ಕಥೆ ಸಿಗುವುದು ಕಷ್ಟ.

ಬರೆದಾಗಲೇ ಹಳತಾಗುವ ಪುಸ್ತಕ

ಕಾದಂಬರಿಯ ಹೆಸರು ನಿಂತ ಮೇಲೆ ಕಾರಂತರು ಅದರಲ್ಲೇ ಮುಂದುವರಿಯಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಐವತ್ತೈದು ದಾಟಿದ ವಯಸ್ಸಿನಲ್ಲಿ ‘ವಿಜ್ಞಾನ ಪ್ರಪಂಚ’ಕ್ಕೆ ಕೈಹಾಕಿದರು. 1959ರಿಂದ 1964ರ ನಡುವೆ ನಾಲ್ಕು ದೊಡ್ಡ ಸಂಪುಟಗಳು ಬಂದವು. ಭೂಮಿ, ಆಕಾಶ, ಜೀವಿಗಳು, ಯಂತ್ರಗಳು, ಎಲ್ಲವೂ ಅದರಲ್ಲಿವೆ. ಮಗನನ್ನು ಕಳೆದುಕೊಂಡದ್ದೂ ಇದೇ ವರ್ಷಗಳಲ್ಲಿ ಎಂಬುದನ್ನು ಗಮನಿಸಬೇಕು.

ಇಂಥ ಪುಸ್ತಕಕ್ಕೆ ಒಂದು ಶಾಪವಿದೆ. ಕಾದಂಬರಿ ಐವತ್ತು ವರ್ಷದ ಮೇಲೂ ಹೊಸತಾಗಿ ಉಳಿಯಬಹುದು. ವಿಜ್ಞಾನದ ಪುಸ್ತಕ ಅಚ್ಚಿನ ಮಸಿ ಆರುವುದರೊಳಗೆ ಹಳತಾಗತೊಡಗುತ್ತದೆ. ಕಾರಂತರ ಸಂಪುಟಗಳು ಮುಗಿದ ಐದೇ ವರ್ಷದಲ್ಲಿ, 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ವಿಷಯ ಬಲ್ಲ ಪಂಡಿತರು ಒಬ್ಬನೇ ಲೇಖಕ ಎಲ್ಲ ಶಾಸ್ತ್ರಗಳನ್ನೂ ಬರೆಯುವುದನ್ನು ಒಪ್ಪುವುದಿಲ್ಲ. ಆ ಆಕ್ಷೇಪ ತಪ್ಪೇನಲ್ಲ. ಒಂದೊಂದು ಶಾಸ್ತ್ರಕ್ಕೂ ಒಬ್ಬೊಬ್ಬ ತಜ್ಞ ಬೇಕು. ಆದರೆ ಆ ತಜ್ಞರು ಕನ್ನಡದಲ್ಲಿ ಬರೆಯುವ ತನಕ ಕನ್ನಡದ ಮಗು ಕಾಯಬೇಕೆ? ಕಾರಂತರು ಕಾಯಲು ತಯಾರಿರಲಿಲ್ಲ. ಉಳಿಯುವುದಿಲ್ಲ ಎಂಬಂಥ ಪುಸ್ತಕಕ್ಕೆ ಉಳಿಯುವ ಕಾದಂಬರಿಯಷ್ಟೇ ಶ್ರಮ ಹಾಕಿದ್ದು ಅವರ ಬದುಕಿನ ದೊಡ್ಡ ಗುಣ.

ಆಟದ ಚಪ್ಪರದಲ್ಲಿ ಜಗಳ

ಯಕ್ಷಗಾನದಲ್ಲಿ ಕಾರಂತರ ಕೆಲಸ ಎರಡು ಬಗೆಯದು. ಮೊದಲನೆಯದು ಸಂಶೋಧನೆ. ಹಳೆಯ ಭಾಗವತರನ್ನು, ವೇಷಧಾರಿಗಳನ್ನು ಕೂಡಿಸಿ, ತಾಳೆಗರಿಗಳನ್ನು ಹುಡುಕಿ, ರಾಗ, ತಾಳ, ವೇಷಭೂಷಣಗಳನ್ನು ದಾಖಲು ಮಾಡಿ ಬರೆದ ‘ಯಕ್ಷಗಾನ ಬಯಲಾಟ’ 1957ರಲ್ಲಿ ಬಂತು. ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅಷ್ಟು ಕಾದಂಬರಿ ಬರೆದವರಿಗೆ ಅಕಾಡೆಮಿ ಪ್ರಶಸ್ತಿ ಬಂದದ್ದು ಬಯಲಾಟದ ಮೇಲಿನ ಗ್ರಂಥಕ್ಕೆ ಎಂಬುದು ಈಗ ಹೆಚ್ಚಿನವರಿಗೆ ನೆನಪಿಲ್ಲ.

ಎರಡನೆಯದು ಪ್ರಯೋಗ. ಮಾತುಗಾರಿಕೆಯನ್ನು ಬದಿಗಿಟ್ಟು ಕುಣಿತ ಮತ್ತು ಹಾಡಿನಲ್ಲೇ ಕಥೆ ಹೇಳಿಸಿದರು. ಚೆಂಡೆ ಮದ್ದಳೆಯ ಜೊತೆ ಪಿಟೀಲು, ಸ್ಯಾಕ್ಸೋಫೋನ್ ತಂದರು. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವು ಗಂಟೆಗಳಿಗೆ ಇಳಿಸಿ, ಕನ್ನಡ ಬಾರದ ಊರುಗಳಿಗೂ ವಿದೇಶಗಳಿಗೂ ಒಯ್ದರು. ಅರ್ಥಗಾರಿಕೆಯೇ ಆಟದ ಜೀವ ಎನ್ನುವವರಿಗೆ ಇದು ಸರಿಬರಲಿಲ್ಲ. ವಾದ ಜೋರಾಗಿಯೇ ನಡೆಯಿತು. ಮುಂಬಯಿಯ ಸಭಾಗೃಹದಲ್ಲಿ ಮೂರು ಗಂಟೆಯ ಆಟ ನೋಡಿ ಕೊನೆಯ ಲೋಕಲ್ ಹಿಡಿಯುವ ಪ್ರೇಕ್ಷಕರಿಗೆ ಈ ವಾದದ ಎರಡೂ ಬದಿ ಅರ್ಥವಾಗುತ್ತದೆ.

ಪ್ರಶಸ್ತಿಯೂ ವಾಪಸು

1955ರಲ್ಲಿ ಮೈಸೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಕಾರಂತರಿಗೆ ಬಂತು. 1968ರಲ್ಲಿ ಕೇಂದ್ರ ಸರಕಾರ ಪದ್ಮಭೂಷಣ ನೀಡಿತು. ತುರ್ತು ಪರಿಸ್ಥಿತಿ ಬಂದಾಗ ಪ್ರತಿಭಟಿಸಿ ಅದನ್ನು ಹಿಂದಿರುಗಿಸಿದರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಲಭಿಸಿತು. ಕುವೆಂಪು, ಬೇಂದ್ರೆಯವರ ನಂತರ ಕನ್ನಡಕ್ಕೆ ಬಂದ ಮೂರನೆಯ ಜ್ಞಾನಪೀಠ ಅದು. ಪೇಟೆ ಕಾಣದ, ಹತ್ತನೆಯ ವಯಸ್ಸಿಗೇ ವಿಧವೆಯಾದ ಒಬ್ಬ ಮುದುಕಿಯ ಬಾಯಿಂದ ದೇವರು, ಕಾಮ, ಸಂಸಾರಗಳ ಬಗ್ಗೆ ನೇರವಾದ ಮಾತು ಹೊರಡಿಸಿದ ಕಾದಂಬರಿಯಿದು.

ವಯಸ್ಸಾದಂತೆ ಕಾರಂತರು ಬೀದಿಗೂ ಇಳಿದರು. ಕೈಗಾ ಅಣುವಿದ್ಯುತ್ ಸ್ಥಾವರ ಬೇಡವೆಂದು ಹೋರಾಡಿ, 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದ ಕ್ಷೇತ್ರದಿಂದ ಸ್ಪರ್ಧಿಸಿದರು. ಆಗ ವಯಸ್ಸು 87. ಸೋತರು. ಸ್ಥಾವರವೂ ಬಂತು. ಗೆಲ್ಲುತ್ತೇನೆಂದು ನಂಬಿ ನಿಂತವರಂತೆ ಅವರು ಕಾಣಲಿಲ್ಲ. ಕಾಡಿನ ಪರವಾಗಿ ಚುನಾವಣೆಯಲ್ಲಿ ಮಾತನಾಡುವವರು ಬೇರೆ ಇಲ್ಲದ್ದರಿಂದ ನಿಂತಂತಿತ್ತು. ಪುಸ್ತಕ ಇಲ್ಲದ ಕಡೆ ಪುಸ್ತಕ ಬರೆದ ಅದೇ ಸ್ವಭಾವ ಇಲ್ಲಿಯೂ ಕಾಣುತ್ತದೆ.

ಕೊನೆಯ ವರ್ಷಗಳನ್ನು ಸಾಲಿಗ್ರಾಮದಲ್ಲಿ ಕಳೆದ ಅವರು ತೊಂಬತ್ತೈದರ ವಯಸ್ಸಿನಲ್ಲಿ ಬರೆದದ್ದು ಹಕ್ಕಿಗಳ ಬಗ್ಗೆ. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಅವರು ನಿಧನರಾದರು. ಹಕ್ಕಿಗಳ ಪುಸ್ತಕವನ್ನು ಧಾರವಾಡದ ಮನೋಹರ ಗ್ರಂಥಮಾಲೆ 2002ರಲ್ಲಿ ಪ್ರಕಟಿಸಿತು. ದೀರ್ಘಕಾಲ ಅವರ ಬರವಣಿಗೆಗೆ ನೆರವಾಗಿದ್ದ ಮಾಲಿನಿ ಮಲ್ಯ ಅವರು ಪತ್ರಿಕೆಗಳಲ್ಲಿ ಚದುರಿಹೋಗಿದ್ದ ಲೇಖನಗಳನ್ನು ಹುಡುಕಿ ಸಂಪುಟಗಳಾಗಿ ತಂದರು. ಹೀಗೆ ಆ ಹೆಸರಿನ ಪುಸ್ತಕಗಳು ಲೇಖಕ ಹೋದ ಮೇಲೂ ಹೆಚ್ಚುತ್ತಾ ಬಂದವು.

ನಮ್ಮ ಪಾಲಿನ ಬಾಕಿ

ಇಂದು ಕಾರಂತರ ಹೆಸರು ಕೇಳಿದರೆ ನಾಲ್ಕೈದು ಕಾದಂಬರಿಗಳು ಮಾತ್ರ ನೆನಪಾಗುತ್ತವೆ. ಇದರಲ್ಲಿ ಅಚ್ಚರಿಯಿಲ್ಲ. ಹಳೆಯ ವಿಜ್ಞಾನ ಪುಸ್ತಕವನ್ನು ಈಗಿನ ಮಗುವಿಗೆ ಕೊಡಬೇಕೆಂದು ಯಾರೂ ಹೇಳುವುದಿಲ್ಲ. ಕಾರಂತರೇ ಬದುಕಿದ್ದರೆ ಅದನ್ನು ಬದಿಗಿಟ್ಟು ಹೊಸತನ್ನು ಬರೆಯಲು ಕುಳಿತುಕೊಳ್ಳುತ್ತಿದ್ದರು. ‘ಬಾಲ ಪ್ರಪಂಚ’ ಬಂದು ಎರಡು ದಶಕ ಕಳೆದ ಮೇಲೆ ‘ವಿಜ್ಞಾನ ಪ್ರಪಂಚ’ಕ್ಕೆ ತೊಡಗಿದ್ದು ಇದಕ್ಕೆ ಸಾಕ್ಷಿ.

ಆದರೆ ಒಬ್ಬರೇ ಇಷ್ಟೆಲ್ಲ ಬರೆದರು ಎಂದು ಹೆಮ್ಮೆ ಪಡುವಾಗ, ಒಬ್ಬರೇ ಏಕೆ ಬರೆಯಬೇಕಾಯಿತು ಎಂದೂ ಕೇಳಿಕೊಳ್ಳಬೇಕು. ಮುಂಬಯಿಯಂಥ ನಗರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಕಡಿಮೆಯಾಗುತ್ತಾ ಬಂದಿವೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದ ತಲೆಮಾರು ಮೊಮ್ಮಕ್ಕಳನ್ನು ಕಂಡಿದೆ. ನಮ್ಮಲ್ಲಿ ವೈದ್ಯರಿದ್ದಾರೆ, ಇಂಜಿನಿಯರುಗಳಿದ್ದಾರೆ, ಲೆಕ್ಕ ಪರಿಶೋಧಕರಿದ್ದಾರೆ, ವಿಜ್ಞಾನಿಗಳೂ ಇದ್ದಾರೆ. ತಮ್ಮ ತಮ್ಮ ವಿಷಯದ ಬಗ್ಗೆ ಮನೆಯ ಮಕ್ಕಳಿಗೆ ತಿಳಿಯುವಂತೆ ಕನ್ನಡದಲ್ಲಿ ಹತ್ತು ಪುಟ ಬರೆಯಬಲ್ಲವರು ಇವರಲ್ಲಿ ಎಷ್ಟು ಮಂದಿ? ಕಾಲೇಜು ಅರ್ಧಕ್ಕೆ ಬಿಟ್ಟವರೊಬ್ಬರು ಪುತ್ತೂರಿನ ಗುಡ್ಡದಲ್ಲಿ ಕುಳಿತು, ದೀಪದ ಬೆಳಕಿನಲ್ಲಿ, ಸ್ವಂತ ಖರ್ಚಿನಲ್ಲಿ ಮಾಡಿದ ಕೆಲಸವನ್ನು ಈಗ ನೂರು ಜನ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ನಾಲ್ಕು ಪುಸ್ತಕ ಬರುತ್ತದೆ.

ಪ್ರತಿ ಅಕ್ಟೋಬರ್ 10ರಂದು ಭಾವಚಿತ್ರಕ್ಕೆ ಹಾರ ಹಾಕುವುದು ಒಳ್ಳೆಯದೇ. ಆ ದಿನ ಸಂಘದ ಕಪಾಟಿನಿಂದ ‘ಅಳಿದ ಮೇಲೆ’ಯನ್ನೋ ‘ಬೆಟ್ಟದ ಜೀವ’ವನ್ನೋ ಒಬ್ಬ ಹೊಸ ಓದುಗನ ಕೈಗೆ ಕೊಟ್ಟು ಕಳುಹಿಸಿದರೆ ಇನ್ನೂ ಒಳ್ಳೆಯದು.